ಓಡುವುದಿಲ್ಲವೆಂದು ನಂಬಿದ ಸಾಲು

ನನ್ನ ತಂಗಿ ಬರೆದ ಮೊದಲ ಪ್ರೋಗ್ರಾಮು ಬೆಳಿಗ್ಗೆ ಹತ್ತರಿಂದ ಹನ್ನೆರಡರ ನಡುವೆ ನಿಂತುಹೋಗುತ್ತಿತ್ತು. ಅದೂ ನಾನು ಕೂರುವ ಕಂಪ್ಯೂಟರಿನಲ್ಲಿ ಮಾತ್ರ. ಯಾಕೆ ನಿಲ್ಲುತ್ತದೆ ಎಂದು ಅವಳು ಮೂರು ವಾರ ಹುಡುಕಿದಳು. ಆ ಮೂರರಲ್ಲಿ ಕೊನೆಯ ಒಂದು ವಾರ ಉತ್ತರ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ.

ನಾವು ಕರಾವಳಿಯ ಕಡೆಯವರು. ಅಪ್ಪನಿಗೆ ಬ್ಯಾಂಕಿನಲ್ಲಿ ಗುಮಾಸ್ತನ ಕೆಲಸ. ಬಿಬಿಡಿ ಬಾಗ್ ಶಾಖೆಗೆ ವರ್ಗವಾಗಿ ಅವರು ನಮ್ಮನ್ನು ಕಲ್ಕತ್ತೆಗೆ ಕರೆತಂದಾಗ ನಾನು ಊರಿನ ಕನ್ನಡ ಶಾಲೆಯಲ್ಲಿ ಎಂಟನೇ ತರಗತಿ ಮುಗಿಸಿದ್ದೆ, ತಂಗಿಗೆ ನಾಲ್ಕು ವರ್ಷ. ಬೆಹಾಲಾದಲ್ಲಿ ಮನೆ ಹಿಡಿದ ಮೇಲೆ ಅಪ್ಪ ನನ್ನನ್ನು ಒಂದು ಇಂಗ್ಲಿಷ್ ಶಾಲೆಗೆ ಕರೆದುಕೊಂಡು ಹೋದರು. ಅಲ್ಲಿನ ದೊಡ್ಡ ಟೀಚರು ಒಂದು ಪುಟ ಓದಲು ಕೊಟ್ಟರು. ನಾನು ಓದಿದ್ದು ಕೇಳಿ ಐದನೇ ತರಗತಿಗೆ ಸೇರಿಸಿಕೊಳ್ಳಬಹುದು ಎಂದರು. ನನ್ನ ಭುಜಕ್ಕೂ ಬಾರದ ಮಕ್ಕಳ ನಡುವೆ ಒಂದು ತಿಂಗಳು ಕೂತೆ. ಮೊದಲು ಹೊಟ್ಟೆನೋವೆಂದೆ, ಆಮೇಲೆ ತಲೆನೋವೆಂದೆ, ಕೊನೆಗೆ ಹೋಗುವುದಿಲ್ಲವೆಂದೆ. ಅಪ್ಪ ಒತ್ತಾಯ ಮಾಡಲಿಲ್ಲ. ಮರುವರ್ಷ ಅದೇ ಶಾಲೆಯ ನರ್ಸರಿಗೆ ತಂಗಿ ಸೇರಿದಳು.

ಬಂಗಾಳಿ ನನಗೆ ಕಿವಿಯಿಂದ ಬಂತು. ತರಕಾರಿಯವಳು, ಬಸ್ಸಿನ ಕಂಡಕ್ಟರು, ಮೇಲಿನ ಮನೆಯ ಮುದುಕಿ, ಇವರೇ ನನ್ನ ಟೀಚರುಗಳು. ಎರಡು ವರ್ಷದಲ್ಲಿ ನನ್ನ ಮಾತು ಕೇಳಿದವರು ನಾನು ಹೊರಗಿನವಳೆಂದು ಹೇಳುವಂತಿರಲಿಲ್ಲ. ಇಂಗ್ಲಿಷ್ ಮಾತ್ರ ಬರಲಿಲ್ಲ. ಅಕ್ಷರ ಗೊತ್ತು, ಒಂದು ಹೆಸರನ್ನು ಅಕ್ಷರ ಕೂಡಿಸಿ ಓದಬಲ್ಲೆ, ಆದರೆ ಹೊತ್ತು ಬೇಕು. ಅಂಕಿಗಳನ್ನು ಬೇಕಾದಷ್ಟು ಬೇಗ ಓದುತ್ತೇನೆ. ಇದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಎಲ್ಲರೂ ಒಂದೇ ಮನೆಯಲ್ಲಿರುವಾಗ ಯಾರು ಎಷ್ಟು ಓದಬಲ್ಲರು ಎಂದು ಯಾರೂ ಕೇಳುವುದಿಲ್ಲ.

ಅಪ್ಪ ತೀರಿಕೊಂಡ ಮೇಲೆ ನಮ್ಮ ಬೀದಿಯ ಕೊನೆಯಲ್ಲಿದ್ದ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿತು. ರಿಪೋರ್ಟು ಕೊಡುವ ಕೌಂಟರಿನಲ್ಲಿ ಕೂರುವುದು. ಜನ ಚೀಟಿ ತರುತ್ತಾರೆ, ಚೀಟಿಯಲ್ಲಿ ನಂಬರು ಇರುತ್ತದೆ, ಆ ನಂಬರಿನ ಲಕೋಟೆ ಹುಡುಕಿ ಕೊಡಬೇಕು. ಓದುವ ಕೆಲಸವೇ ಇರಲಿಲ್ಲ. ಬೈಯುವವರ ಜೊತೆ ನಗುತ್ತಾ ಮಾತಾಡಬೇಕಿತ್ತು, ಅದು ನನಗೆ ಬರುತ್ತಿತ್ತು.

ಸಾಲ್ಟ್ ಲೇಕಿನ ಸೆಕ್ಟರ್ ಫೈವಿನಲ್ಲಿ ಆಗ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು. ತಂಗಿಗೆ ಅಲ್ಲಿಯ ಒಂದು ಚಿಕ್ಕ ಕಂಪನಿಯಲ್ಲಿ ಕೆಲಸವಾಯಿತು. ಆರು ತಿಂಗಳು ಪ್ರೊಬೇಷನ್, ಆಮೇಲೆ ಖಾಯಂ. ನನಗಾದ ಹೆಮ್ಮೆಯನ್ನು ಹೇಗೆ ಹೇಳಲಿ. ಲ್ಯಾಬಿನ ಡಾಕ್ಟರು ಒಂದು ದಿನ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಬೇಕು ಎಂದಾಗ ನಾನೇ ಮುಂದೆ ಬಿದ್ದು ನನ್ನ ತಂಗಿ ಪ್ರೋಗ್ರಾಮು ಬರೆಯುತ್ತಾಳೆ ಎಂದೆ. ಅವರು ಅವಳ ಕಂಪನಿಗೆ ಫೋನು ಮಾಡಿದರು. ಚಿಕ್ಕ ಕೆಲಸವೆಂದು ಕಂಪನಿಯವರು ಅದನ್ನು ಅವಳೊಬ್ಬಳಿಗೇ ಒಪ್ಪಿಸಿದರು. ಇದು ಸರಿಯಾಗಿ ನಡೆದರೆ ಖಾಯಂ ಮಾಡುವ ಕಾಗದ ಬರುತ್ತದೆ ಎಂದು ಅವಳ ಮ್ಯಾನೇಜರು ಹೇಳಿದ್ದರಂತೆ.

ಪ್ರೋಗ್ರಾಮು ಬಂದ ದಿನ ಅವಳೇ ಕೌಂಟರಿಗೆ ಬಂದು ಕಲಿಸಿಕೊಟ್ಟಳು. ಚೀಟಿಯ ನಂಬರು ಹೊಡೆಯಬೇಕು. ಎಫ್ ಐದು ಒತ್ತಬೇಕು, ಹಿಂದಿನ ಕೋಣೆಯ ಕಂಪ್ಯೂಟರಿನಿಂದ ರಿಪೋರ್ಟು ಬರುತ್ತದೆ. ಪರದೆಯ ಮೇಲೆ ಹೆಸರು ಮತ್ತು ಫಲಿತಾಂಶ ತುಂಬಿದ್ದನ್ನು ನೋಡಿ, ಎಫ್ ಒಂಬತ್ತು ಒತ್ತಿದರೆ ಪ್ರಿಂಟು. ಪಕ್ಕದ ಕಂಪ್ಯೂಟರಿಗೆ ಕೂರುತ್ತಿದ್ದ ಹೆಂಗಸನ್ನು ಎಲ್ಲರೂ ಬೌದಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. ಬೌದಿ ಪ್ರತಿ ಹೆಸರನ್ನೂ ಗಟ್ಟಿಯಾಗಿ ಓದಿ, ಚೀಟಿಯವನ ಮುಖ ನೋಡಿ, ಆಮೇಲೆ ಒತ್ತುತ್ತಿದ್ದರು. ನಾನು ಹಾಗೆ ಮಾಡಲಿಲ್ಲ. ಪರದೆಯಲ್ಲಿ ಇಂಗ್ಲಿಷಿನ ಹೆಸರು ಬಂದರೂ ಬರದಿದ್ದರೂ ನನಗೆ ಒಂದೇ. ಅದನ್ನು ನೋಡುತ್ತಾ ತುಟಿ ಅಲುಗಿಸುತ್ತಾ ಕೂತರೆ ಎದುರಿಗಿದ್ದವರಿಗೆ ಗೊತ್ತಾಗುತ್ತದೆ. ಹಾಗಾಗಿ ನಂಬರು, ಐದು, ಒಂಬತ್ತು, ಮೂರನ್ನೂ ಒಂದೇ ಉಸಿರಿಗೆ ಹೊಡೆಯುವುದು ನನ್ನ ಬೆರಳಿಗೆ ಕೂತುಬಿಟ್ಟಿತು. ಕಾಗದ ಹೊರಗೆ ಬಂದ ಮೇಲೆ ನಂಬರು ತಾಳೆ ನೋಡಿ ಕೊಡುತ್ತಿದ್ದೆ. ಜನ ನನ್ನ ವೇಗ ನೋಡಿ ಹೊಗಳುತ್ತಿದ್ದರು.

ಒಂದು ವಾರ ಎಲ್ಲ ಸರಿಯಿತ್ತು. ಆಮೇಲೆ ಒಂದು ಬೆಳಿಗ್ಗೆ ನನ್ನ ಪರದೆ ಬಿಳಿಚಿಕೊಂಡು ನಿಂತಿತು. ಏನು ಒತ್ತಿದರೂ ಅಲುಗಾಟವಿಲ್ಲ. ಸ್ವಿಚ್ಚು ಆರಿಸಿ ಮತ್ತೆ ಹಾಕಿದೆ, ಐದು ನಿಮಿಷ ಹೋಯಿತು. ಚೀಟಿ ಹಿಡಿದವರೆಲ್ಲ ಇನ್ನೂ ಎಷ್ಟು ಹೊತ್ತು ದೀದಿ ಎಂದು ಗೊಣಗತೊಡಗಿದರು. ಮರುದಿನ ಎರಡು ಸಲ ನಿಂತಿತು. ಬೌದಿಯದು ಒಮ್ಮೆಯೂ ನಿಲ್ಲಲಿಲ್ಲ.

ತಂಗಿ ಆಫೀಸಿನಿಂದ ಬರುವ ದಾರಿಯಲ್ಲಿ ಲ್ಯಾಬಿಗೆ ಇಳಿದಳು. ಕೀಬೋರ್ಡಿನ ಮುಂದೆ ಕೂತು ಹತ್ತು ಸಲ ಮಾಡಿ ನೋಡಿದಳು, ಏನೂ ಆಗಲಿಲ್ಲ. ಆಗ ನನ್ನನ್ನು ಕೇಳಿದಳು.

"ಅಕ್ಕ, ನೀನು ಹೆಸರು ಬಂದ ಮೇಲೆ ತಾನೆ ಪ್ರಿಂಟ್ ಒತ್ತುದು?"

"ಮತ್ತೆಂತ?" ಎಂದೆ.

ನಮ್ಮ ಕಡೆ ಈ ಮಾತು ಎಲ್ಲದಕ್ಕೂ ಆಗುತ್ತದೆ. ಹೌದು ಎಂದು ಹೇಳಿದ ಹಾಗೂ ಆಯಿತು, ಹೌದು ಎಂಬ ಶಬ್ದ ಬಾಯಿಂದ ಬರಲೂ ಇಲ್ಲ. ಅವಳು ಅದನ್ನು ಹೌದು ಎಂದೇ ತೆಗೆದುಕೊಂಡಳು. ಬೌದಿ ಆಚೆಯಿಂದ ನಮ್ಮನ್ನೇ ನೋಡುತ್ತಿದ್ದರು, ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. ಇಬ್ಬರಿಗೂ ಕನ್ನಡ ಬಾರದು. ಆದರೂ ಆ ಹೊತ್ತಿಗೆ ನನಗೆ ಬೇರೆ ಉತ್ತರ ಹೊಳೆಯಲಿಲ್ಲ.

ಅಲ್ಲಿಂದ ಅವಳ ಹುಡುಕಾಟ ಸುರುವಾಯಿತು. ನನ್ನ ಕಂಪ್ಯೂಟರನ್ನು ಬೌದಿಯ ಮೇಜಿಗೂ ಅವರದನ್ನು ನನ್ನ ಮೇಜಿಗೂ ಬದಲಿಸಿದಳು. ನಿಲ್ಲುವುದು ನನ್ನ ಮೇಜಿನಲ್ಲೇ ಉಳಿಯಿತು. ಹಾಗಾದರೆ ದೋಷ ಕಂಪ್ಯೂಟರಿನದಲ್ಲ, ಗೋಡೆಯಿಂದ ನನ್ನ ಮೇಜಿಗೆ ಬರುವ ವಯರಿನದು ಎಂದಳು. ಮೇಜಿನ ಹಿಂದೆ ಕೂತವಳನ್ನು ಅವಳು ಲೆಕ್ಕಕ್ಕೇ ಹಿಡಿಯಲಿಲ್ಲ. ಅಕ್ಕ ಹೇಳಿದ ಮೇಲೆ ಮುಗಿಯಿತು.

ಪ್ರೋಗ್ರಾಮು ತಾನು ಏನೇನು ಮಾಡಿದೆ ಎಂದು ಸಾಲುಸಾಲಾಗಿ ಬರೆದಿಡುವಂತೆ ಮಾಡಿ, ಆ ಕಾಗದಗಳನ್ನು ಭಾನುವಾರ ಮನೆಯ ನೆಲದ ಮೇಲೆ ಹರಡಿಕೊಂಡಳು. ಪ್ರತಿ ಸಾಲಿನ ಮುಂದೆ ಒಂದು ಅಂಕಿ. ಅಂಕಿ ನೋಡಿ ನಾನೂ ಬಗ್ಗಿದೆ. ಒಂದು, ಒಂದು, ಏಳು, ಏಳು. ಮತ್ತೆ ಒಂದು. ಇನ್ನೊಂದು ಕಡೆ ಒಂದು, ಒಂದು, ಒಂಬತ್ತು, ಅಲ್ಲಿಗೆ ಕೊನೆ. ಇದೇನೆಂದು ಕೇಳಿದೆ. ಥ್ರೆಡ್ ನಂಬರು ಎಂದಳು. ಪ್ರೋಗ್ರಾಮಿನೊಳಗೆ ಕೆಲಸ ಮಾಡುವ ಎಳೆಗಳಂತೆ, ಒಂದೊಂದು ಎಳೆಯೂ ಒಬ್ಬೊಬ್ಬ ಕೆಲಸದವರ ಹಾಗೆ. ಪರದೆ ನೋಡಿಕೊಳ್ಳುವುದು ಒಂದನೇ ಎಳೆ. ನಾನು ಎಫ್ ಐದು ಒತ್ತಿದಾಗ ಅದು ಹಿಂದಿನ ಕೋಣೆಗೆ ರಿಪೋರ್ಟು ಕೇಳಿ ಕಳಿಸಿ, ಕಾಯದೆ ತನ್ನ ಕೆಲಸಕ್ಕೆ ಹೋಗುತ್ತದೆ. ರಿಪೋರ್ಟು ಬಂದಾಗ ಅದನ್ನು ಹಿಡಿದುಕೊಳ್ಳುವುದು ಒಂದಲ್ಲ. ಆಗ ಯಾವ ಎಳೆ ಬಿಡುವಾಗಿದೆಯೋ ಅದು, ಏಳೋ ಒಂಬತ್ತೋ.

ಅಮ್ಮ ಒಳಗೆ ಮಡಿಯಲ್ಲಿ ಅಡುಗೆ ಮಾಡುತ್ತಿದ್ದಳು. ತಂಗಿ ಅತ್ತ ಕೈ ತೋರಿಸಿದಳು.

"ಅಮ್ಮ ಮಡಿಯಲ್ಲಿರುವಾಗ ಒಳಗೆ ಯಾರು ಹೋಗ್ಬಹುದು ಅಕ್ಕ?"

"ಅಮ್ಮ ಒಬ್ಳೇ."

"ಸ್ಕ್ರೀನೂ ಹಾಗೇ. ಅದು ಯಾವ ಥ್ರೆಡ್ಡಿಂದೋ, ಅದು ಮಾತ್ರ ಮುಟ್ಬೇಕು. ಬೇರೆಯವ್ರು ಮುಟ್ಟಿದ್ರೆ ಮೈಲಿಗೆ."

"ನನ್ನ ಮಡಿ ತಗೊಂಡು ಹೋಗಿ ನಿನ್ನ ಡಬ್ಬಿಗೆ ಹಾಕ್ಬೇಡ" ಎಂದಳು ಅಮ್ಮ ಒಳಗಿನಿಂದ.

ತಂಗಿ ನಗುತ್ತಾ ವಿವರಿಸಿದಳು. ಅಕ್ಕನಾದ ನಾನು ಪೇಟೆಯಿಂದ ಬೆಂಡೆಕಾಯಿ ತಂದು ಹಿಂಬಾಗಿಲಿಗೆ ಬಂದಿದ್ದೇನೆ ಎಂದುಕೊಳ್ಳಬೇಕು. ಒಳಗೆ ಹೋಗುವಂತಿಲ್ಲ. ಹೊಸ್ತಿಲ ಮೇಲೆ ಇಟ್ಟು ಬರಬಹುದು, ಅಮ್ಮ ಬಿಡುವಾದಾಗ ತೆಗೆದುಕೊಳ್ಳುತ್ತಾಳೆ. ಇಲ್ಲವೇ ಅಮ್ಮ ಬಂದು ತೆಗೆದುಕೊಳ್ಳುವ ತನಕ ಕೈಯಲ್ಲೇ ಹಿಡಿದು ನಿಲ್ಲಬಹುದು. ತನ್ನ ಪ್ರೋಗ್ರಾಮಿನಲ್ಲಿ ಎರಡನೆಯದನ್ನು ಬರೆದಿದ್ದೇನೆ ಎಂದಳು. ಪರದೆಯ ಮೇಲೆ ಬಿತ್ತು ಎಂದು ಖಾತ್ರಿಯಾದ ಮೇಲೆಯೇ ಕೆಲಸ ಮುಗಿಯಿತು ಎನ್ನಲಿ ಎಂದು.

"ಈಗ ನೀನು ಹಿಂಬಾಗಿಲಲ್ಲಿ ಬೆಂಡೆಕಾಯಿ ಹಿಡ್ಕೊಂಡು ನಿಂತಿದ್ದಿ. ಅಮ್ಮ ಬಂದು ತಗೊಳ್ಳದೆ ಅಲ್ಲಿಂದ ಹಂದುದಿಲ್ಲ. ಅಮ್ಮ ಎದುರು ಬಾಗಿಲಲ್ಲಿ ದಾರಿ ನೋಡ್ತಾ ನಿಂತಿದ್ದಾಳೆ. ನಿನ್ನ ಕೆಲಸ ಮುಗೀದೆ ಅವಳೂ ಹಂದುದಿಲ್ಲ. ಊಟ ಎಷ್ಟು ಗಂಟೆಗೆ?"

"ಅವತ್ತು ಊಟ ಇಲ್ಲ ಅಂತ ಹೇಳು" ಎಂದಳು ಅಮ್ಮ.

"ಹಾಂ, ಅದೇ ಹ್ಯಾಂಗ್. ಒಂಬತ್ತನೇ ಥ್ರೆಡ್ ಹಿಂಬಾಗಿಲಲ್ಲಿ ನಿಂತದ್ದು ಈ ಪೇಪರಲ್ಲಿ ಕಾಣ್ತದೆ. ಆದ್ರೆ ಅಮ್ಮನನ್ನು ಎದುರು ಬಾಗಿಲಲ್ಲಿ ನಿಲ್ಸಿದ್ದು ಯಾರು? ಅದೇ ಸಿಗುದಿಲ್ಲ." ಅವಳು ಪೆನ್ಸಿಲಿನಿಂದ ನೆಲ ಕುಟ್ಟಿದಳು. "ನನ್ನ ಕೋಡಲ್ಲಿ ಒಂದೇ ಕಡೆ ಉಂಟು, ಪ್ರಿಂಟಲ್ಲಿ. ರಿಪೋರ್ಟ್ ಇನ್ನೂ ಬರ್ಲಿಲ್ಲ ಅಂದ್ರೆ ಬರುವ ತನಕ ಕಾಯಿ ಅಂತ ಒಂದು ಲೈನ್. ಸುಮ್ನೆ ಸೇಫ್ಟಿಗೆ ಹಾಕಿದ್ದು. ಆದ್ರೆ ಆ ಲೈನ್ ಓಡುದೇ ಇಲ್ಲ. ನೀನು ನೋಡಿಯೇ ಒತ್ತುದಲ್ವಾ."

ಈ ಸಲ ಅವಳು ನನ್ನನ್ನು ಕೇಳಲೂ ಇಲ್ಲ. ಗೊತ್ತಿರುವ ಸಂಗತಿಯೆಂದು ಹೇಳಿ ಮುಂದಿನ ಕಾಗದ ಎತ್ತಿಕೊಂಡಳು.

ನನಗೆ ಎಲ್ಲವೂ ಕಂಡಿತು. ಐದು ಒತ್ತಿದ ಮರುಕ್ಷಣ ಒಂಬತ್ತು ಒತ್ತುವ ನನ್ನ ಬೆರಳು. ಬೇರೆ ಹೊತ್ತಿನಲ್ಲಿ ರಿಪೋರ್ಟು ಆ ಕ್ಷಣಕ್ಕೂ ಮೊದಲೇ ಬಂದು ಬೀಳುತ್ತದೆ, ಹಾಗಾಗಿ ಏನೂ ಆಗುವುದಿಲ್ಲ. ಹತ್ತರಿಂದ ಹನ್ನೆರಡರ ತನಕ ಹಿಂದಿನ ಕೋಣೆಯಲ್ಲಿ ಬೆಳಗಿನ ರಕ್ತವೆಲ್ಲ ಯಂತ್ರಕ್ಕೆ ಹೋಗುವ ಹೊತ್ತು, ಅಲ್ಲಿನ ಕಂಪ್ಯೂಟರು ಉತ್ತರ ಕೊಡಲು ಒಂದೆರಡು ಸೆಕೆಂಡು ತಡ ಮಾಡುತ್ತದೆ. ಆ ಎರಡು ಸೆಕೆಂಡಿನಲ್ಲಿ ನಾನು ಅಮ್ಮನನ್ನು ಎದುರು ಬಾಗಿಲಲ್ಲಿ ನಿಲ್ಲಿಸುತ್ತಿದ್ದೆ. ತಂಗಿಯ ಕಂಪನಿಯಲ್ಲಿ ಯಾರಿಗೂ ಸಿಗದಿದ್ದ ಉತ್ತರ ನೆಲದ ಮೇಲೆ ಕೂತ ನನಗೆ ಸಿಕ್ಕಿತ್ತು. ನಾನು ಎದ್ದು, ಊಟಕ್ಕೆ ಮಜ್ಜಿಗೆ ಕಡೆಯಬೇಕು ಎಂದು ಹೇಳಿ ಹೋದೆ.

ನಾಚಿಕೆ ಎಂದು ಹೇಳಿ ಮುಗಿಸಬಹುದು, ಅದು ಸುಳ್ಳೂ ಅಲ್ಲ. ನಾನು ನೋಡದೆ ಒತ್ತುತ್ತೇನೆ ಎಂದರೆ ಯಾಕೆ ಎಂದು ಕೇಳುತ್ತಾಳೆ. ಇಂಗ್ಲಿಷ್ ಓದಲಾಗುವುದಿಲ್ಲ ಎನ್ನಬೇಕು. ಅವಳಿಗೆ ಸ್ಲೇಟು ಹಿಡಿಸಿ ಅ ಆ ತಿದ್ದಿಸಿದವಳು ನಾನು. ಆದರೆ ಇನ್ನೊಂದು ಕಾರಣವೂ ಇತ್ತು. ಎಲ್ಲವನ್ನೂ ಓದಬಲ್ಲ ನನ್ನ ತಂಗಿ ಮೊದಲ ಬಾರಿ ಒಂದು ಕಡೆ ಸಿಕ್ಕಿಬಿದ್ದು ಕೂತಿದ್ದಳು. ಅದನ್ನು ನೋಡುತ್ತಿದ್ದರೆ ನನ್ನ ಎದೆಯೊಳಗೆ ಎಲ್ಲೋ ಒಂದು ಕಡೆ ಹಗುರವಾಗುತ್ತಿತ್ತು. ಇಷ್ಟನ್ನು ಬರೆಯಲು ನನಗೆ ಬಹಳ ವರ್ಷ ಹಿಡಿದಿದೆ.

ಸೋಮವಾರದಿಂದ ನಾನು ನಿಧಾನ ಮಾಡಿದೆ. ಐದು ಒತ್ತಿ, ಪರದೆ ತುಂಬುವ ತನಕ ಕಾದು, ಒಂಬತ್ತು ಒತ್ತಿದೆ. ಪರದೆ ನಿಲ್ಲಲಿಲ್ಲ. ಗುಟ್ಟು ನನ್ನಲ್ಲೇ ಉಳಿಯುತ್ತದೆ, ಅವಳ ತೊಂದರೆಯೂ ತಪ್ಪುತ್ತದೆ ಎಂದುಕೊಂಡೆ. ಅದೇ ಸೋಮವಾರ ಬೆಳಿಗ್ಗೆ ಕೌಂಟರು ತೆರೆಯುವ ಮೊದಲು ಅವಳು ನನ್ನ ಮೇಜಿನ ವಯರು ಬದಲಿಸಿ ಹೋಗಿದ್ದಳು. ನಾಲ್ಕು ದಿನ ನಿಲ್ಲದಿದ್ದದ್ದನ್ನು ನೋಡಿ, ವಯರು ಕೆಟ್ಟಿತ್ತು, ಈಗ ಸರಿಯಾಗಿದೆ ಎಂದು ಡಾಕ್ಟರಿಗೂ ತನ್ನ ಮ್ಯಾನೇಜರಿಗೂ ಬರೆದು ಕಳಿಸಿದಳು. ಬರೆದು ಕಳಿಸಿದ್ದೇನೆ ಎಂದು ಗುರುವಾರ ಸಂಜೆ ನನಗೆ ಹೇಳಿದಳು. ಕೈಯಲ್ಲಿ ಸಂದೇಶ್ ಎಂಬ ಬಂಗಾಳಿ ಸಿಹಿಯ ಪೊಟ್ಟಣವಿತ್ತು, ಅಮ್ಮನಿಗೆ ಇಷ್ಟವಾದ ಅಂಗಡಿಯದು. ಆಗಲೂ ಹೇಳಬಹುದಿತ್ತು. ನಾನು ಒಂದು ಸಂದೇಶ್ ತಿಂದೆ.

ಶನಿವಾರ ಬೌದಿ ರಜೆ. ಎರಡೂ ಸಾಲು ನನ್ನ ಮುಂದೆ. ಹನ್ನೊಂದು ಗಂಟೆಗೆ ನನ್ನ ಬೆರಳುಗಳು ನಿಧಾನವನ್ನು ಮರೆತುಬಿಟ್ಟವು. ಮೂರು ಸಲ ನಿಂತಿತು. ಮೂರನೆಯ ಸಲ ಡಾಕ್ಟರು ನನ್ನ ಪಕ್ಕದಲ್ಲೇ ಇದ್ದರು. ಅವರು ಕೂಗಾಡುವವರಲ್ಲ. ಒಳಗೆ ಹೋಗಿ ಮ್ಯಾನೇಜರಿಗೆ ಫೋನು ಮಾಡಿ, ಸರಿಯಾಗದ್ದನ್ನು ಸರಿಯಾಗಿದೆ ಎಂದು ಬರೆದುಕೊಡುವವರ ಜೊತೆ ಹೇಗೆ ಕೆಲಸ ಮಾಡುವುದು ಎಂದು ಕೇಳಿದರು. ಬಾಗಿಲು ತೆರೆದೇ ಇತ್ತು.

ಸೋಮವಾರ ತಂಗಿಯ ಜೊತೆ ಕಂಪನಿಯ ಹಿರಿಯನೊಬ್ಬ ಬಂದ. ತೆಳ್ಳನೆಯ ಬಂಗಾಳಿ ಮನುಷ್ಯ. ಕಾಗದ ನೋಡಲಿಲ್ಲ, ವಯರು ಮುಟ್ಟಲಿಲ್ಲ. ನನ್ನ ಬೆನ್ನ ಹಿಂದೆ ಒಂದು ಸ್ಟೂಲು ಹಾಕಿಕೊಂಡು ಸುಮ್ಮನೆ ಕೂತ. ಅಂದು ನನಗೆ ನಿಧಾನ ಮಾಡುವ ಮನಸ್ಸಾಗಲಿಲ್ಲ, ಮುಚ್ಚಿಡುವ ಶಕ್ತಿಯೂ ಉಳಿದಿರಲಿಲ್ಲ. ಹತ್ತೂವರೆಗೆ ನಿಂತಿತು. ಅವನು ಕಂಪ್ಯೂಟರು ಆರಿಸಿ ಮತ್ತೆ ಹಾಕಿ, ಇನ್ನೊಂದು ಸಲ ಮಾಡಿ ದೀದಿ ಎಂದ. ಈ ಸಲ ಪರದೆ ನೋಡದೆ ನನ್ನ ಬೆರಳುಗಳನ್ನು ನೋಡಿದ. ಮತ್ತೆ ನಿಂತಿತು. ಅವನು ತಂಗಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ್ದರಲ್ಲಿ ನನಗೆ ಅರ್ಧ ಅರ್ಥವಾಯಿತು. ಬಳಸುವವರು ಏನು ಬೇಕಾದರೂ ಒತ್ತಬಹುದು, ಅದು ಅವರ ತಪ್ಪಲ್ಲ. ಪರದೆಯ ಎಳೆಯನ್ನು ಕಾಯಲು ನಿಲ್ಲಿಸಿದ್ದು ಬರೆದವರ ತಪ್ಪು. ಇದು ಮೊದಲ ಪಾಠ.

ಅವನು ಹೇಳಿದ್ದು ಸರಿಯೇ. ಆ ಸರಿ ಮಾತಿನ ಮರೆಯಲ್ಲಿ ನಾನು ಪೂರ್ತಿ ಅಡಗಿಕೊಂಡೆ. ತಂಗಿ ನನ್ನ ಕೈಗಳನ್ನೇ ನೋಡುತ್ತಿದ್ದಳು. ಮುಖ ನೋಡಲಿಲ್ಲ.

ಅವಳನ್ನು ಖಾಯಂ ಮಾಡಲಿಲ್ಲ. ಪ್ರೊಬೇಷನ್ನು ಇನ್ನೂ ಆರು ತಿಂಗಳು ಮುಂದೆ ಹಾಕಿದರು. ಆ ಆರು ತಿಂಗಳು ಅವಳಿಗೆ ಬರೆಯುವ ಕೆಲಸವಿಲ್ಲ, ಬೇರೆಯವರು ಬರೆದದ್ದರ ಗುಂಡಿಗಳನ್ನು ಒತ್ತಿ ಒತ್ತಿ ಪರೀಕ್ಷಿಸುವ ಕೆಲಸ. ಅವಳ ಜೊತೆ ಸೇರಿದವರೆಲ್ಲ ಮುಂದೆ ಹೋದರು. ಅಮ್ಮ ಕೇಳಿದ್ದಕ್ಕೆ ಸ್ವಲ್ಪ ದಿನದ ಮಾತು ಎಂದಳು.

ಕೈಯಿಂದ ಹೋಗುವ ಮೊದಲು ಲ್ಯಾಬಿನ ಪ್ರೋಗ್ರಾಮನ್ನು ಸರಿಮಾಡಲು ಅವಳಿಗೇ ಬಿಟ್ಟಿದ್ದರು. ರಿಪೋರ್ಟು ತಂದ ಎಳೆ ಈಗ ಅದನ್ನು ಹೊಸ್ತಿಲಲ್ಲಿಟ್ಟು ಹೋಗುತ್ತದೆ, ಕಾಯುವುದಿಲ್ಲ. ಪ್ರಿಂಟು ಮೊದಲೇ ಒತ್ತಿದರೆ ಪರದೆಯೂ ಕಾಯುವುದಿಲ್ಲ. ಒತ್ತಿದ್ದನ್ನು ನೆನಪಿಟ್ಟುಕೊಂಡು ತನ್ನ ಪಾಡಿಗಿದ್ದು, ರಿಪೋರ್ಟು ಬಂದು ಬಿದ್ದ ಮೇಲೆ ಉಳಿದ ಅರ್ಧ ಕೆಲಸವನ್ನು ತಾನೇ ಎತ್ತಿಕೊಳ್ಳುತ್ತದೆ. ರಿಪೋರ್ಟು ಬರುವ ತನಕ ಪ್ರಿಂಟಿನ ಗುಂಡಿಯನ್ನೇ ಆರಿಸಿಡುವುದು ಇದಕ್ಕಿಂತ ಸುಲಭವಿತ್ತು, ಹಿರಿಯನೂ ಹಾಗೇ ಹೇಳಿದ್ದ ಎಂದು ಆಮೇಲೆ ತಿಳಿಯಿತು. ಅವಳು ನನ್ನ ಬೆರಳಿನ ಓಟವನ್ನು ತಡೆಯಲಿಲ್ಲ. ಮತ್ತೊಂದು ಬದಲಾವಣೆಯನ್ನೂ ಮಾಡಿದ್ದಳು. ಪರದೆಯ ನಡುವೆ ಚೀಟಿಯ ನಂಬರು ಅಂಗೈಯಷ್ಟು ದೊಡ್ಡದಾಗಿ ಬರುತ್ತಿತ್ತು. "ನಂಬರ್ ನೋಡು, ಸಾಕು" ಎಂದಷ್ಟೇ ಹೇಳಿದಳು. ನನಗೆ ಹೆಸರು ಓದಲಾಗದೆಂದು ಅವಳಿಗೆ ತಿಳಿದಿದೆ ಎಂದು ನನಗೆ ಆಗ ಗೊತ್ತಾಯಿತು. ಇಬ್ಬರೂ ಆ ವಿಷಯ ಎತ್ತಲಿಲ್ಲ.

ಆರು ತಿಂಗಳ ಮೇಲೆ ಅವಳು ಖಾಯಂ ಆದಳು. ಆ ಕಂಪನಿ ಬಿಟ್ಟು ಇನ್ನೊಂದಕ್ಕೆ ಸೇರಿದಳು, ಅವಳ ಕೈಕೆಳಗೆ ಹೊಸಬರು ಬಂದರು. ಕೆಲವು ವರ್ಷಗಳ ನಂತರ ಒಂದು ಸಂಜೆ ಅವಳು ಫೋನಿನಲ್ಲಿ ಒಬ್ಬ ಹೊಸ ಹುಡುಗಿಗೆ ಹಿಂದಿಯಲ್ಲಿ ಪಾಠ ಹೇಳುತ್ತಿದ್ದಳು. ಪಕ್ಕದ ಕೋಣೆಯಲ್ಲಿ ನಾನು ಬಟ್ಟೆ ಮಡಚುತ್ತಿದ್ದೆ. ತನ್ನ ಮೊದಲ ಪ್ರೋಗ್ರಾಮಿನಲ್ಲಿ ತಾನೂ ಇದೇ ತಪ್ಪು ಮಾಡಿದ್ದೆ ಎಂದಳು. ಎಲ್ಲಿ ತಪ್ಪಿದೆ ಎಂದು ಮನೆಯವರಿಗೆ ಬಿಡಿಸಿ ಹೇಳಲೂ ತನಗೆ ಬರಲಿಲ್ಲ, ಬಂದಿದ್ದರೆ ಅವರೇ ಹಿಡಿದುಕೊಡುತ್ತಿದ್ದರು, ಎಂದು ನಕ್ಕಳು.

ನಾನು ಬಟ್ಟೆ ಬಿಟ್ಟು ಎದ್ದು ಹೋದೆ. ಅವಳು ಫೋನು ಇಡುವ ತನಕ ಬಾಗಿಲ ಬಳಿ ನಿಂತಿದ್ದೆ.

"ನೀನು ಚೆಂದ ಬಿಡಿಸಿ ಹೇಳಿದ್ದೆ" ಎಂದೆ. "ಆ ಭಾನುವಾರ ನಂಗೆ ಅರ್ಥ ಆಗಿತ್ತು."

"ಎಷ್ಟು?"

"ಪೂರ್ತಿ. ನಿಲ್ಸಿದ್ದು ನಾನು ಅಂತ ಆಗ್ಲೇ ಗೊತ್ತಾಯ್ತು. ಮತ್ತೆ ನಾಲ್ಕು ದಿನ ಬೇಕಂತ ನಿಧಾನ ಒತ್ತಿದ್ದು. ವಯರು ಸರಿಯಾಯ್ತು ಅಂತ ನೀನು ಬರ್ದು ಕಳ್ಸುವಾಗ ನಂಗೆ ಗೊತ್ತಿತ್ತು."

ಓದಲು ಬಾರದ ಅಕ್ಕನನ್ನು ಅವಳು ಎಂದೋ ಕ್ಷಮಿಸಿದ್ದಳು. ಈಗ ಎದುರಿಗೆ ನಿಂತವಳು ಬೇರೆ.

"ನಂಗೆ ಹೇಳ್ಲಿಕ್ಕೆ ಬರುದಿಲ್ಲ ಅಂತ ತಿಳ್ಕೊಂಡಿದ್ದೆ, ಇಷ್ಟು ವರ್ಷ" ಎಂದಳು. ಪರವಾಗಿಲ್ಲ ಎನ್ನಲಿಲ್ಲ. ನಾನು ಅದನ್ನು ಕೇಳಲು ಹೋಗಿರಲಿಲ್ಲ.

ಅವಳು ನನ್ನ ಜೊತೆ ಮಾತು ಬಿಡಲಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ತಿಂಡಿ ತಿಂದು ಬಸ್ಸಿಗೆ ಹೋದಳು. ಆದರೆ ತನ್ನ ಕೆಲಸದ ಕಾಗದ ಹರಡಿಕೊಂಡು ತಾನಾಗಿ ನನಗೆ ವಿವರಿಸುವುದು ಅಂದಿಗೆ ನಿಂತಿತು. ಕೇಳಿದರೆ ಹೇಳುತ್ತಾಳೆ, ಮೊದಲಿನಷ್ಟೇ ಚೆನ್ನಾಗಿ ಹೇಳುತ್ತಾಳೆ. ಕೇಳಬೇಕಾದವಳು ನಾನು. ಈಗ ಕೇಳುತ್ತೇನೆ. ಅರ್ಥವಾದರೆ ಅರ್ಥವಾಯಿತು ಎನ್ನುತ್ತೇನೆ, ಆಗದಿದ್ದರೆ ಇಲ್ಲ ಎನ್ನುತ್ತೇನೆ. ಅವಳು ನನ್ನ ಮುಖ ನೋಡಿ, ಒಂದು ಕ್ಷಣ ತಡೆದು, ಆಮೇಲೆ ಮುಂದುವರಿಸುತ್ತಾಳೆ.